ದನಿ ಗೊತ್ತು, ಮಾರಿ ಗೊತ್ತಿಲ್ಲ

ಮನ್ಯಾಗ ರೇಡಿಯೋ, ಮಾಳಗಿ ಮ್ಯಾಲೆ ಆಂಟೆನಾ ಇಟ್ಕೊಂಡು ಬಾಳೇವು ಮಾಡೋರು ಪೇಚಿನ ಪ್ರಸಂಗ ಹುಡುಕ್ಕೊಂಡು ಹೋಗಬೇಕಾಗಿಲ್ಲ. ಅವಽ ಮನಿ ಕೇಳ್ಕೊಂತ ಬರ್ತಾವು.

ನಾನು ಪಾಲಿಟೆಕ್ನಿಕ್‌ನ್ಯಾಗ ಎಲೆಕ್ಟ್ರಾನಿಕ್ಸ್ ಕಲಿಸ್ತೀನಿ. ಬೆಳಗಾವಿಯ ವಡಗಾವಿಯೊಳಗ ಮನಿ. ನನ್ನ ಹುಚ್ಚಿನ ಹೆಸರು ಹ್ಯಾಮ್ ರೇಡಿಯೋ. ಅಂದ್ರ ಪರೀಕ್ಷಾ ಪಾಸಾಗಿ, ಲೈಸೆನ್ಸ್ ತಗೊಂಡು, ಊರೂರಿನ ಮಂದಿ ಜೋಡಿ ರೇಡಿಯೋದಾಗ ಮಾತಾಡೂದು. ಒಬ್ಬೊಬ್ಬರಿಗೂ ಅಕ್ಷರ, ಅಂಕಿ ಸೇರಿಸಿ ಮಾಡಿದ ಕಾಲ್‌ಸೈನ್ ಅಂತ ಒಂದು ಗುರುತು ಇರ್ತೈತಿ. ಹೆಸರು ಯಾರೂ ಕೇಳಂಗಿಲ್ಲ. ಮಾರಿ ನೋಡೂದಂತೂ ವರ್ಷಕ್ಕೊಮ್ಮೆ ಆದ್ರ ಆತು.

ಬೆಳಗಾವಿ ಕಾಲೇಜೊಂದರಾಗ ತಾಂತ್ರಿಕ ಸಮ್ಮೇಳನ ಇತ್ತು. ಅದರಾಗ ಒಂದು ಸಂಜಿ ನಮ್ಮ ಹ್ಯಾಮ್ ಮಂದಿಯ ಸ್ನೇಹಕೂಟಕ್ಕ ಕೊಡ್ರಿ ಅಂತ ನಾನು ಸಂಚಾಲಕರ ಬೆನ್ನು ಹತ್ತಿದ್ದೆ. ಅವರು ಟೈ ಸರಿ ಮಾಡ್ಕೊಂತ ಅಂದ್ರು: "ಮೇಡಂ, ಹೋದ ವರ್ಷ ನಿಮ್ಮ ಮಂದಿ ತಾಟು ಹಿಡ್ಕೊಂಡು ಗ್ವಾಡಿಗೆ ಒರಗಿ ನಿಂತಿದ್ರು. ಒಬ್ಬರರ ತುಟಿ ಬಿಚ್ಚಲಿಲ್ಲ. ಸ್ನೇಹಕೂಟ ಅಂತಾರೇನ್ರಿ ಅದಕ್ಕ? ಈ ಸಲಾನೂ ಹಂಗಾತಂದ್ರ ಮುಂದಿನ ವರ್ಷದ ಸಂಜಿ ಡ್ರೋನ್ ಹಾರಸೋರಿಗೆ."

ನನಗ ಮೈಯೆಲ್ಲಾ ಉರೀತು. ಮಾತೇ ನಮ್ಮ ಹವ್ಯಾಸ, ನಮಗ ಮಾತು ಬರಂಗಿಲ್ಲಂತ! ಮಾಡಿ ತೋರಿಸ್ತೀನಿ ತಡೀರಿ ಅಂತ ಎದ್ದು ಬಂದೆ.

ಊಟದ ಪೇಚು

ಮದಲ ಊಟ ಗೊತ್ತು ಮಾಡಬೇಕಲ್ಲ? ನಮ್ಮ ಓಣಿ ಬಾಜೂಕ ಖಾನಾವಳಿ ನಡಸೋ ಅಕ್ಕಾರಿಗೆ ಹೇಳಿದೆ: "ಅಕ್ಕಾ, ಹ್ಯಾಮ್ ಊಟ ಐತಿ, ಭೇಷ್ ಆಗಬೇಕು."

"ಆತ್ ಬಿಡ್ರಿ ಟೀಚರ" ಅಂದ್ರು.

ಮರುದಿನ ಮುಂಜಾನೆ ಮನಿ ಬಾಗಲಕ್ಕ ಬಂದು ನಿಂತಿದ್ರು, ಮಾರಿ ಕೆಂಪಗ. "ಟೀಚರ, ನೀವು ಹಿಂತಾಕಿ ಅಂತ ತಿಳಿದಿದ್ದಿಲ್ಲ. ನಮ್ಮ ಕೊಳ್ಳಾಗ ಲಿಂಗ ಐತಿ. ಹ್ಯಾಮ್ ಅಂದ್ರ ಹಂದಿ ಅಂತ ನನ್ನ ಸೊಸಿ ಹೇಳಿದ್ಲು!"

ಅಯ್ಯ ಶಿವನ! ಕುಂದರಿಸಿ, ಚಾ ಕೊಟ್ಟು, ರೇಡಿಯೋ ತೋರಿಸಿ, ತಿಳಿಸಿ ಹೇಳೂದ್ರಾಗ ಸಾಕುಸಾಕಾತು.

"ಹಂಗಾರ ಅವರು ಉಣ್ಣೂದೇನು?"

"ರೊಟ್ಟಿ, ಎಣಗಾಯಿ, ಹೋಳಿಗಿ."

"ಅಷ್ಟ ಉಣ್ಣೋ ಮಂದಿ ಹಿಂತಾ ಹೆಸರು ಯಾಕ ಇಟ್ಕೊಂಡಾರ್ರಿ, ಖೋಡಿಗಳು!"

ಒಪ್ಪಿದ್ರು. ಖರೇ, ಅವರ ಮನಸಿನ್ಯಾಗ ಸಂಶೆ ಉಳದಿತ್ತು. ಕೂಟದ ದಿನ ಊಟದ ಟೇಬಲ್ ಮ್ಯಾಲೆ ದಪ್ಪ ಅಕ್ಷರದಾಗ ಬರೆಸಿ ತೂಗಬಿಟ್ಟಿದ್ರು: "ಶುದ್ಧ ಶಾಕಾಹಾರಿ ಹ್ಯಾಮ್."

ಸಾಂಬ್ರಾದಾಗ ಎರಡು ಹೊಟ್ಟಿ

ಕೂಟಕ್ಕ ದೂರದಿಂದ ಒಬ್ಬ ಹಿರೇ ಹ್ಯಾಮ್ ವಿಮಾನದಾಗ ಸಾಂಬ್ರಾ ನಿಲ್ದಾಣಕ್ಕ ಬರೋರಿದ್ರು. ಅವರ ಹೆಸರು ನನಗ ಗೊತ್ತಿದ್ದಿಲ್ಲ, ಕಾಲ್‌ಸೈನ್ ಅಷ್ಟ ಗೊತ್ತು. ಅದನ್ನ ಟ್ಯಾಕ್ಸಿ ಡ್ರೈವರಗ ಫೋನಿನ್ಯಾಗ ಹೇಳಿ, ರಟ್ಟಿನ ಮ್ಯಾಲೆ ಬರದು ಹಿಡಕೊಂಡು ನಿಂದ್ರು ಅಂದೆ.

ಸ್ವಲ್ಪ ಹೊತ್ತಿಗೆ ಅವನ ಫೋನು: "ಮೇಡಂ, ಸಾಹೇಬ್ರು ಸಿಕ್ಕಾರ. ಗಾಡಿ ಮಾತ್ರ ಹತ್ತವಲ್ರು."

"ಯಾಕಪಾ?"

"ಬೋರ್ಡಿನ್ಯಾಗ 'ಡಿ' ಇರಬೇಕಿತ್ತಂತ, ನಾ 'ಬಿ' ಬರದೀನಂತ. ಇನ್ನೊಬ್ಬರ ಕಾಲ್‌ಸೈನ್ ಮ್ಯಾಲೆ ಹತ್ತೂದು ಕಾಯ್ದೆಕ್ಕ ವಿರುದ್ಧ ಅಂತಾರ. ಪೆಟಗಿ ಮ್ಯಾಲೆ ಕುಂತುಬಿಟ್ಟಾರ."

ರೇಡಿಯೋದಾಗ ಇನ್ನೊಬ್ಬರ ಕಾಲ್‌ಸೈನ್ ಬಳಸಬಾರದು, ಅದು ಖರೇ. ಅದನ್ನ ಟ್ಯಾಕ್ಸಿಗೂ ಹಚ್ಚಿದ್ರ ಏನ್ ಮಾಡೂದು? "ಪೆನ್ನು ತಗೊಂಡು ತಿದ್ದಪಾ" ಅಂದೆ. ಮತ್ತ ಫೋನು ಬಂತು.

"ಆತ್ರಿ ಮೇಡಂ. 'ಬಿ'ದ ಎರಡು ಹೊಟ್ಟಿ ಅಳಿಸಿ 'ಡಿ'ದ ಒಂದ ಹೊಟ್ಟಿ ಮಾಡೀನಿ. ಈಗ ಸಾಹೇಬ್ರು ಕುಂತಾರ. ಅವರದೂ ಒಂದ ಐತಿ, ಆದ್ರ ಮುಂದಿನ ಸೀಟಿನ್ಯಾಗ ಹಿಡೀವಲ್ದು!"

ಅತ್ತಿಯವರ ಓವರ್

ನಮ್ಮತ್ತಿಯವರ ಬಗ್ಗೆ ಹೇಳದ ಮುಂದಕ್ಕ ಹೋಗಾಕ ಆಗಂಗಿಲ್ಲ. ದಿನಾ ಮುಂಜಾನೆ ನಾನು ರೇಡಿಯೋ ಹಚ್ಚಿದೆ ಅಂದ್ರ ಚಾದ ಕಪ್ಪು ಹಿಡ್ಕೊಂಡು ಬಾಜೂಕ ಬಂದು ಕುಂದರ್ತಾರ. ಎಲ್ಲಾರ ದನಿ ಅವರಿಗೆ ಬಾಯಿಪಾಠ. ಅದರಾಗೂ ಖಾನಾಪುರದ ಕಾಕಾ ಅಂದ್ರ ಜೀವ. ಕಾಕಾರು ರಿಟಾಯರ್ ಆದ ಲೈನ್‌ಮನ್. ಗುಡುಗಿನಂಥ ದನಿ, ಅರ್ಧ ಕನ್ನಡ, ಅರ್ಧ ಮರಾಠಿ. "ಇಂಥಾ ದನಿ ಇದ್ದಾಂವ ಬಾಗಲದಾಗ ಬಗ್ಗಿ ಬರಬೇಕಾಗ್ತಿರಬೇಕು ನೋಡು" ಅಂತಿದ್ರು ಅತ್ತಿ.

ರೇಡಿಯೋ ಕೇಳಿ ಕೇಳಿ ಅವರೂ ಒಂದು ಶಬ್ದ ಕಲ್ತಾರ. ನನ್ನ ಗಂಡಗ, ಹಾಲಿನಾಂವಗ, ನನಗ ಬೈದು ಮುಗಿಸಿ ಕಡೀಕ "ಓವರ್" ಅಂತಾರ.

ಒಮ್ಮೆ ತಡೀಲಾರದ ಹೇಳಿದೆ: "ಅತ್ತೀ, ಓವರ್ ಅಂದ್ರ ನನ್ನ ಮಾತು ಮುಗೀತು, ಇನ್ನ ನೀವು ಮಾತಾಡ್ರಿ ಅಂತ ಅರ್ಥ."

"ಅದು ರೇಡಿಯೋದಾಗ. ಈ ಮನ್ಯಾಗ ಹಂಗಿಲ್ಲ. ಓವರ್."

ಕೂಟದ ಸಂಜಿ

ಕೂಟಕ್ಕ ನಾನೂ ಬರ್ತೀನಿ, ಕಾಕಾನ ಮಾರಿ ನೋಡಬೇಕು ಅಂತ ಅತ್ತಿ ಇಳಕಲ್ ಸೀರಿ ಉಟ್ಟು ತಯಾರಾದ್ರು. ಕರಕೊಂಡು ಹೋಗಿ ಬಾಗಲ ಬಾಜೂಕಿನ ಕುರ್ಚಿ ಮ್ಯಾಲೆ ಕುಂದರಿಸಿದೆ.

ಮಂದಿ ಬಂದ್ರು. ಎಷ್ಟೋ ವರ್ಷ ದಿನಾ ಹರಟಿ ಹೊಡದ ಮಂದಿ. ನಮಸ್ಕಾರ ಆತು. ಮುಂದ? ಒಬ್ಬರು ಫ್ಯಾನು ನೋಡಾಕತ್ತಿದ್ರು, ಒಬ್ಬರು ಬೂಟು ನೋಡಾಕತ್ತಿದ್ರು. ವಿಮಾನದಾಗ ಬಂದ ಹಿರಿಯರು "ಶುದ್ಧ ಶಾಕಾಹಾರಿ ಹ್ಯಾಮ್" ಬೋರ್ಡನ್ನ ತಿರುಗಿ ತಿರುಗಿ ಓದಾಕತ್ತಿದ್ರು. ಕಡೀಕ ಎಲ್ಲಾರೂ ತಾಟು ಹಿಡಕೊಂಡು ಗ್ವಾಡಿಗೆ ಒರಗಿದ್ರು.

ಸಂಚಾಲಕರು ಯಾವ ಗಳಿಗ್ಯಾಗ ಬರ್ತಾರೋ! ಡ್ರೋನ್ ಗುಂಯ್ ಅನ್ನೂದು ಕಿವ್ಯಾಗ ಆಗಲೇ ಕೇಳಾಕತ್ತಿತ್ತು. "ಮಾತಾಡ್ರೆಪಾ" ಅಂದೆ. "ಹೂಂರಿ" ಅಂದು ರೊಟ್ಟಿ ಮುರದ್ರು.

ಅತ್ತಿ ನನ್ನ ಸೆರಗು ಜಗ್ಗಿದ್ರು. "ಕಾಕಾ ಎಲ್ಲಿ?"

ಕಂಬದ ಹಿಂದ ಅಡಗಿ ನಿಂತ ಕುಳ್ಳ, ಸಣಕಲ ಮನಷ್ಯಾನ್ನ ತೋರಿಸಿದೆ; ಹೋದ ವರ್ಷದ ಕೂಟದಾಗ ನೋಡಿದ್ದೆ.

"ಹುಚ್ಚಿ, ಇಂವ ಅಲ್ಲ. ಆ ದನಿ ಈ ಮೈಯಾಗ ಹಿಡಿಯಂಗಿಲ್ಲ."

"ಅವರಽ ಅತ್ತೀ."

"ಮಾರಿ ಮ್ಯಾಲೆ ನನಗ ಗೊತ್ತಾಗಂಗಿಲ್ಲ. ದನಿ ಕೇಳಬೇಕು" ಅಂದವರಽ ಹಿಂದಿನ ಸ್ವಿಚ್ ಬೋರ್ಡಿಗೆ ಕೈ ಹಾಕಿ ಟಕಟಕ ಎಲ್ಲಾ ಲೈಟ್ ಆರಿಸಿಬಿಟ್ರು.

ಗವ್ವಂತ ಕತ್ತಲಿ. ಆಮ್ಯಾಲೆ ಕಂಬದ ಕಡಿಂದ ಗುಡುಗು: "ಇದು ಖಾನಾಪುರ. ಇಲ್ಲೆ ಕರೆಂಟ್ ಹೋಗೇತಿ. ಯಾರರ ಕೇಳಾಕತ್ತೀರೇನ್ರಿ? ಓವರ್."

"ಖಾನಾಪುರ, ಕೇಳ್ತೈತಿ. ಇಲ್ಲೂ ಹೋಗೇತಿ. ಎಣಗಾಯಿ ಭಾರೀ ಆಗೇತಿ. ಓವರ್."

"ನನ್ನ ತಾಟಿನ ಹೋಳಿಗಿ ಯಾರು ತಗೊಂಡ್ರಿ? ಓವರ್."

ಮುಗೀತು! ಒಬ್ಬರಾದ ಮ್ಯಾಲೆ ಒಬ್ಬರು, ಪಾಳಿ ಹಚ್ಚಿ ನಿಂತಂಗ ಮಾತು, ನಗು. ಅತ್ತಿ ನನ್ನ ಕೈ ಹಿಚುಕಿ, "ಅವನಽ! ಅವನಽ!" ಅಂದ್ರು. ಖುಷಿಯಾಗಿ ನೋಡೂಣು ಅಂತ ಲೈಟ್ ಹಚ್ಚಿದ್ರು. ಗಪ್ಪ್! ಕಾಕಾರ ಬಾಯಿ ತೆರೆದಿದ್ದು ತೆರದಂಗ. ಅತ್ತಿ ಹಣಿ ಬಡಕೊಂಡು ಮತ್ತ ಆರಿಸಿದ್ರು. ಮತ್ತ ಸುರು.

ಆಗ ಬಾಗಲದಾಗ ಸಂಚಾಲಕರ ದನಿ. "ಏನಿದು? ಯಾಕ ಕತ್ತಲಿ?"

ವಿಮಾನದಾಗ ಬಂದಿದ್ದ ಹಿರಿಯರು ಗದರಿಸಿದ್ರು: "ಒಬ್ಬರು ಮಾತಾಡೂ ಮುಂದ ನಡಕ ಬಾಯಿ ಹಾಕಬ್ಯಾಡ್ರಿ. ಯಾವ ಊರು ಹೇಳ್ರಿ. ಓವರ್."

ಸಂಚಾಲಕರು ತಡವರಿಸಿದ್ರು. "ಪಾ... ಪಾರಿಶ್ವಾಡ."

"ಅರೆ ವ್ಹಾ!" ಅಂತ ಗುಡುಗಿದ್ರು ಕಾಕಾ. "ನಮ್ಮ ಬಾಜೂಕಿನ ಪಾರಿಶ್ವಾಡದ ಕರೆಂಟ್ ಕಂಬ ಎಲ್ಲಾ ನಾನಽ ಹತ್ತೇನಿ. ಯಾರ ಮನ್ಯಾವ್ರು ನೀವು? ಓವರ್."

ಅಲ್ಲಿಂದ ಸಂಚಾಲಕರು ತೆರಕೊಂಡ್ರು ನೋಡ್ರಿ! ಕಬ್ಬಿನ ಹೊಲ, ಬಾವ್ಯಾಗ ಈಜು ಕಲತದ್ದು, ಸಾಲಿ ತಪ್ಪಿಸಿ ಮಾವಿನಕಾಯಿ ಕದ್ದದ್ದು, ಎಲ್ಲಾ ಹೊರಗ ಬಂತು. ಒಂದ ತಾಪತ್ರಯ, ಓವರ್ ಅನ್ನೂದನ್ನ ಮರೀತಿದ್ರು.

ಊಟ ಮುಗದ ಮ್ಯಾಲೆ ಅತ್ತಿ ಲೈಟ್ ಹಚ್ಚಿದ್ರು. ಸಂಚಾಲಕರು ನೆಲದ ಮ್ಯಾಲೆ ಕಾಕಾರ ಬಾಜೂಕ ಚಕ್ಕಳಮಕ್ಕಳ ಹಾಕಿ ಕುಂತಿದ್ರು. ದಡಕ್ಕನ ಎದ್ದು ಟೈ ಸರಿ ಮಾಡ್ಕೊಂಡ್ರು.

ನಾನು ಧೈರ್ಯ ಮಾಡಿ ಕೇಳಿದೆ: "ಸರ್, ಮುಂದಿನ ವರ್ಷದ ಸಂಜಿ?"

ಗಂಟಲಾ ಸರಿ ಮಾಡ್ಕೊಂಡು ಅಂದ್ರು: "ಅದನ್ನು ಸಮಿತಿಯ ಮುಂದೆ ಇಟ್ಟು, ಸೂಕ್ತ ರೀತಿಯಲ್ಲಿ ಪರಿಶೀಲಿಸಲಾಗುವುದು."

ಅತ್ತಿ ಹಿಂದಕ್ಕ ಕೈ ಚಾಚಿ, ಟಕ್ಕಂತ ಲೈಟ್ ಆರಿಸಿದ್ರು.

ಕತ್ತಲ್ಯಾಗ ಸಂಚಾಲಕರ ದನಿ ಬಂತು: "ಆತ್ ತಗೋರಿ, ನಿಮಗಽ. ಓವರ್."