ನೀರಿನ ಹದ ಮತ್ತು ನನ್ನ ಬಲಗೈ

ಮೇ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಹನ್ನೆರಡೂ ಕಾಲು. ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ವಾಲಿದೆ. ಬಲಗೈಗೆ ಸದ್ಯ ಪೆನ್ನೂ ಕಾದ ಸೌಟಿನ ಹಿಡಿಯಂತೆ ಕಾಣುತ್ತಿದೆ.

ಮನುಷ್ಯ ಕಣ್ಣನ್ನು ಅನುಮಾನಿಸುತ್ತಾನೆ, ಕಿವಿಯನ್ನು ಅನುಮಾನಿಸುತ್ತಾನೆ, ಆದರೆ ತನ್ನ ಚರ್ಮವನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾನೆ. ನಾನೂ ನಂಬಿದ್ದೆ. ಸಿಲಿಂಡರ್ ಬದಲಾಯಿಸಿದ ದಿನ, ನಲ್ಲಿ ನೀರು ಬಂದ ಗಂಟೆ, ಅಕ್ಕನ ಮಗಳು ಮೊದಲು ನಕ್ಕ ಹೊತ್ತು, ಎಲ್ಲಕ್ಕೂ ತಾರೀಕು ಹಾಕಿಡುವವನು ನಾನು. ಅದಕ್ಕೇ ಇರಬೇಕು, ಬಾಣಂತನಕ್ಕೆಂದು ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದಿರುವ ಅಕ್ಕ, ಬಹಳ ಬೇಡಿಕೊಂಡ ಮೇಲೆ, ಮಗುವಿನ ಸ್ನಾನದಲ್ಲಿ ನನಗೊಂದು ಕೆಲಸ ಕೊಟ್ಟಿದ್ದಳು: ನೀರಿನ ಹದ ನೋಡುವುದು. ಸೋದರಮಾವನಾದವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಬೇಕೆ?

ಇವತ್ತು ಬೆಳಿಗ್ಗೆ ಅಮ್ಮ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸಿನಕಾಯಿಗೆ ಕೂತಳು. ಅವಳು ಸೀಳಿ ಕೊಡುವುದು, ನಾನು ಎಡಗೈಯಲ್ಲಿ ತೊಟ್ಟು ಹಿಡಿದು ಬಲಗೈ ಬೆರಳಿನಿಂದ ಬೀಜ ಕೆದರುವುದು. ಕೈಗೆ ಎಣ್ಣೆ ಸವರಿಕೊ ಎಂದಳು. ಜಾರುತ್ತದೆ, ಕಾಯಿ ಎಣಿಸುವ ಲೆಕ್ಕ ತಪ್ಪುತ್ತದೆ ಎಂದೆ. ಮುಗಿದ ಮೇಲೆ ಸೋಪು ಹಾಕಿ ಉಜ್ಜಿ ತೊಳೆದೆ. ಆಗ ಏನೂ ಉರಿಯಲಿಲ್ಲ.

ಆಮೇಲೆ ಬಚ್ಚಲು. ಅಮ್ಮ ಮಣೆಯ ಮೇಲೆ ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಎರಡು ಕೈಗೂ ಬಿಡುವಿಲ್ಲ. ನಾನು ಬಕೆಟ್ಟಿಗೆ ಬಲಗೈ ಅದ್ದಿದೆ. ಬೆಂಕಿ. ತಣ್ಣೀರು ಸುರಿದೆ. ಇನ್ನೂ ಬೆಂಕಿ. ಮತ್ತೆ ಸುರಿದೆ. ಕೊನೆಗೆ ತಡೆಯಬಹುದಾದಷ್ಟು ಬಿಸಿ ಎನಿಸಿದಾಗ, ಹದವಾಗಿದೆ ಎಂದೆ. ಅಮ್ಮ ನಂಬಿ ಒಂದು ಚೊಂಬು ಹೊಯ್ದಳು. ಮಗು ಕಿರುಚಿದ್ದು ಪಕ್ಕದ ರಸ್ತೆಗೂ ಕೇಳಿರಬೇಕು.

“ಕೂಸು ನಡುಗ್ತಾದೆ ಕಣೋ,” ಎಂದಳು ಅಮ್ಮ. “ಇದು ಹದವಾ? ಬಾವಿ ನೀರು ಇದ್ದಂಗದೆ.”

ಅಕ್ಕ ಓಡಿಬಂದು ಮೊಣಕೈ ಅದ್ದಿ ನೋಡಿದಳು. ನಂತರ ನನ್ನ ಕೆಂಪಗಾದ ಬೆರಳುಗಳನ್ನು ನೋಡಿದಳು. “ಲೋ, ಮೆಣಸಿನಕಾಯಿ ಕೈನ ನನ್ನ ಮಗು ನೀರಿಗೆ ಅದ್ಬುಟ್ಯಾ?”

ಇದು ನನಗೆ ಹೊಳೆದೇ ಇರಲಿಲ್ಲ. ತಣ್ಣೀರಾದರೆ ಒಂದು ನಡುಕ. ಖಾರ ಕಣ್ಣಿಗೆ ಹೋಗಿದ್ದರೆ? ಪುಣ್ಯಕ್ಕೆ ಅಮ್ಮ ಹೊಯ್ದದ್ದು ಮಗುವಿನ ಕಾಲಿಗೆ. ಬಕೆಟ್ಟಿನ ನೀರೆಲ್ಲ ಚೆಲ್ಲಿ, ಬೇರೆ ನೀರು ಬೆರೆಸಿ, ಅಕ್ಕನೇ ಹದ ನೋಡಿದಳು. ಮಗು ಮೈ ಬಿಸಿಯಾಗಿ ನಿದ್ದೆ ಹೋಯಿತು. ಬಾಗಿಲ ಹೊರಗೆ ನಿಂತ ನನ್ನ ಎದೆ ಆಮೇಲೆ ಹದಕ್ಕೆ ಬಂತು.

ಈಗ ಪರೀಕ್ಷೆ ಮಾಡಿದೆ. ಒಂದೇ ಬೋಸಿಯ ಉಗುರುಬೆಚ್ಚಗಿನ ನೀರು ಎಡಗೈಗೆ ಸುಖ, ಬಲಗೈಗೆ ನರಕ. ಟವೆಲ್ ಮುಟ್ಟಿದರೂ ತರಚಿದಂತೆ ನೋವು. ಶಾಖವನ್ನು ಹೇಳುವ ನರವನ್ನೇ ಖಾರವೂ ಕೆಣಕುತ್ತದೆಯಂತೆ. ಅದಕ್ಕೇ ಏನೋ ನಾವು ಒಲೆಗೂ ‘ಉರಿ’ ಎನ್ನುತ್ತೇವೆ, ಮೆಣಸಿನಕಾಯಿ ತಾಗಿದ ಕೈಗೂ ‘ಉರಿ’ ಎನ್ನುತ್ತೇವೆ. ಅಮ್ಮನಿಗೆ ಇದನ್ನು ವಿವರಿಸಿ, ನೀನೂ ಮಂಡಿಗೆ ಬಾಮ್ ಹಚ್ಚಿಕೊಂಡಾಗ ಈ ಸೆಕೆಯಲ್ಲೂ ಚಳಿ ಎಂದು ಫ್ಯಾನ್ ಆರಿಸುತ್ತೀಯಲ್ಲ ಎಂದು ಸಾಕ್ಷಿಯನ್ನೂ ಒದಗಿಸಿದೆ.

“ಬಾಮ್ ಹಚ್ಕೊಂಡು ನಾನು ಯಾರ್ ಜ್ವರಾನೂ ನೋಡಕ್ಕೆ ಹೋಗ್ನಿಲ್ಲ ಕಣಪ್ಪ,” ಎಂದಳು.

ಹುದ್ದೆ ಸದ್ಯ ಅಮಾನತ್ತಿನಲ್ಲಿದೆ. ಮಗುವನ್ನು ಎತ್ತಿಕೊಳ್ಳುವುದಕ್ಕೂ ಅಪ್ಪಣೆಯಿಲ್ಲ. ಖಾರ ತಾಗಿದ ಕೈ ಎಷ್ಟು ಹೊತ್ತಿಗೆ ಸತ್ಯ ಹೇಳಲು ಶುರುಮಾಡುತ್ತದೆ ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಪತ್ರ ನನ್ನ ಅಕ್ಕನ ಹೆಸರಿಗೇ ಇರಲಿ. ನಾನು ಓದಿ ಹೇಳಿದರೆ ಅವಳು ನಂಬುವುದಿಲ್ಲ.