ನಮ್ಮನಿಯಾಕಿ ಬೈತಾಳ್ರಿ

ಹೆದರಿಕೆಯಲ್ಲೂ ಗಂಡು ಹೆಣ್ಣೆಂಬ ಭೇದವಿದೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಹಲ್ಲಿ, ಜಿರಳೆ, ಕತ್ತಲೆ, ಕೆಟ್ಟ ದೃಷ್ಟಿ ಇವೆಲ್ಲ ಹೆಂಗಸರ ಪಾಲಿಗೆ ಬಂದವು. ಗಂಡಸರು ಬೇಕಾದರೆ ಪೊಲೀಸರಿಗೆ ಹೆದರಬಹುದು, ಸಕ್ಕರೆ ಕಾಯಿಲೆಗೆ ಹೆದರಬಹುದು, ತಮಾಷೆಗೆ ಹೆಂಡತಿಗೂ ಹೆದರಬಹುದು. ಅದರಿಂದ ಯಾರ ಮೀಸೆಯೂ ಮಣ್ಣಾಗುವುದಿಲ್ಲ. ಆದರೆ ಕಣ್ಣಿಗೇ ಕಾಣದ ಕ್ರಿಮಿಗೆ ಗಂಡಸು ಹೆದರುವಂತಿಲ್ಲ. ಹಾಗೂ ಹೆದರಿದನೆಂದರೆ ಆ ಹೆದರಿಕೆಯನ್ನು ಬಚ್ಚಿಡಲು ಒಂದು ಜಾಗ ಬೇಕು. ನನ್ನ ಗಂಡ ಆರಿಸಿಕೊಂಡ ಜಾಗ ನನ್ನ ತಲೆ.

ನಮ್ಮವರಿಗೆ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಆರಡಿ ಆಳು, ಅದಕ್ಕೆ ತಕ್ಕ ಮೀಸೆ. ಸುಗ್ಗಿಯಲ್ಲಿ ಒಮ್ಮೆ ಗದರಿದರೆ ಲಾರಿಯ ಮೇಲಿನ ಹಮಾಲರು ಚೀಲ ಹೊತ್ತುಕೊಂಡೇ ನಿಂತುಬಿಡುತ್ತಾರೆ. ಇಂಥ ಮಹಾಶಯರು ಮನೆಗೆ ಬಂದರೆ ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯುತ್ತಾರೆ. ಕರೋನಾ ಬಂತು, ಹೋಯಿತು. ಊರವರೆಲ್ಲ ಮಾಸ್ಕನ್ನು ಒಲೆಗೆ ಹಾಕಿ ಮರೆತರು. ನಮ್ಮ ಮನೆಯಲ್ಲಿ ಮಾತ್ರ ತೆಂಗಿನಕಾಯಿ ಈಗಲೂ ಸೋಪಿನ ಸ್ನಾನ ಮಾಡುತ್ತದೆ. ಅಂಗಡಿಯ ರೊಟ್ಟಿ ಒಳಗೆ ಬರುವಂತಿಲ್ಲ, ಬಡಿದವರ ಕೈ ಹೇಗಿತ್ತೋ ಏನೋ. ನಾನಾದರೋ ಕಾನಹೊಸಹಳ್ಳಿಯವಳು. ಧೂಳಿಗೆ ಬಿದ್ದ ಪೇರಲಹಣ್ಣನ್ನು ಲಂಗಕ್ಕೆ ಒರೆಸಿ ತಿಂದು ಬೆಳೆದವಳು. ಇವತ್ತಿಗೂ ಸಾರಿನ ರುಚಿ ನೋಡುವುದು ಅಂಗೈಗೆ ಹಾಕಿಕೊಂಡೇ.

ಅವರ ಹೆದರಿಕೆ ಅವರಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಗೇಟಿನ ಬಳಿ ಒಂದು ಬಕೆಟ್ ನೀರು, ಒಂದು ಸೋಪು ಇಟ್ಟಿದ್ದಾರೆ. ಯಾರು ಬಂದರೂ ಮೀಸೆ ತಿರುವುತ್ತಾ, ದನಿ ತಗ್ಗಿಸಿ, "ಸ್ವಲ್ಪ ಕೈಕಾಲು ತೊಳಕಂಡು ಬರ್ರಿ. ನಮ್ಮನಿಯಾಕಿ ಬೈತಾಳ್ರಿ" ಎನ್ನುತ್ತಾರೆ. ಬಂದವರು ಇವರತ್ತ ಅಯ್ಯೋ ಪಾಪ ಎಂದು ನೋಡಿ, ನನ್ನತ್ತ ಹುಲಿಯನ್ನು ನೋಡಿದಂತೆ ನೋಡಿ, ತುದಿಗಾಲಲ್ಲಿ ಒಳಗೆ ಬರುತ್ತಾರೆ. ಹೀಗಾಗಿ ಓಣಿಯಲ್ಲಿ ನನ್ನ ಹೆಸರೇ ಮಡಿ ವನಜಕ್ಕ. ಹಾಲು ಹಾಕುವ ನಿಂಗಮ್ಮ ಕ್ಯಾನನ್ನು ಮಾರು ದೂರ ಹಿಡಿದು, "ಮುಟ್ಟಿಲ್ಲ ನೋಡ್ರಿ ಯಕ್ಕಾ" ಎಂದು ನನಗೇ ಸಾಕ್ಷಿ ಹೇಳುತ್ತಾಳೆ. ಅದಕ್ಕಿಂತ ಮೈ ಉರಿಯುವುದು ಹೊಗಳಿಕೆಗೆ. ಎದುರು ಮನೆಯಾಕೆ ತನ್ನ ಮಗಳಿಗೆ, "ಹೆಣ್ಣು ಅಂದ್ರ ವನಜಕ್ಕನಂಗ ಇರಬೇಕು, ಮನಿ ಹೆಂಗ ಇಟ್ಟಾಳ ನೋಡು" ಎಂದು ಪಾಠ ಹೇಳುತ್ತಾಳೆ. ಮನೆ ಹಾಗೆ ಇಟ್ಟವರು ಆಗ ಒಳಗೆ ಬಚ್ಚಲು ಉಜ್ಜುತ್ತಿರುತ್ತಾರೆ. ಓಣಿಯಲ್ಲಿ ಮದುವೆ ಇದ್ದಾಗ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುವುದು ನಮ್ಮ ಕಡೆಯ ಪದ್ಧತಿ. ಅಲ್ಲಿಗೆ ಕರೆದರೆ "ನಮ್ಮನಿಯವ್ರು ಕಳಸಂಗಿಲ್ರಿ" ಎಂದು ನಾನು ತಪ್ಪಿಸಿಕೊಳ್ಳುವುದುಂಟು. ಆದರೆ ಅದು ಬೇರೆ ವಿಷಯ, ಈಗ ಬೇಡ.

ಇಷ್ಟನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಗೌರಕ್ಕನ ಸಂಗತಿ. ಗೌರಕ್ಕ ನಮ್ಮವರ ಅಕ್ಕ, ಹಡಗಲಿಯಲ್ಲಿರುವವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ಗಂಡನ ಮನೆಯ ಕಡೆಯಲ್ಲಿ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇರುವ ಒಂದೇ ಜೀವ. ಬಂದಾಗಲೆಲ್ಲ ತಮ್ಮ ತೋಟದ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಾರೆ. ಯುಗಾದಿ ಕಳೆದು ಬಂದಾಗಲೂ ತಂದಿದ್ದರು. ನಾನು ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಬಸ್ಸಿನಲ್ಲಿ ಬಂದ ಹೂವೆಂದು ಅದರ ಮೇಲೆ ಸ್ಯಾನಿಟೈಜರ್ ಹೊಡೆದುಬಿಟ್ಟರು. ಹಡಗಲಿಯ ಮಲ್ಲಿಗೆ ಇಂಜೆಕ್ಷನ್ ಕೋಣೆಯ ವಾಸನೆ ಹೊಡೆಯತೊಡಗಿತು. ಸಾಲದ್ದಕ್ಕೆ ಮಂಡಕ್ಕಿ. ನಮ್ಮ ಕಡೆ ನೆಂಟರು ಬಂದರೆ ಪೇಪರ್ ಹಾಸಿ, ಮಂಡಕ್ಕಿ ರಾಶಿ ಸುರಿದು, ಬದಿಗೆ ಮಿರ್ಚಿ ಇಟ್ಟು, ಸುತ್ತ ಕೂತು ಎಲ್ಲರೂ ಅದಕ್ಕೇ ಕೈ ಹಾಕಬೇಕು. ನಮ್ಮವರು ಅದನ್ನು ಬಟ್ಟಲುಗಳಿಗೆ ಹಂಚಿ, ಚಮಚ ಚುಚ್ಚಿ, ಒಬ್ಬೊಬ್ಬರ ಮುಂದೆ ಇಟ್ಟರು. ಗೌರಕ್ಕನ ಮುಖ ಸಣ್ಣದಾಯಿತು.

"ಬ್ಯಾರೆ ಬಟ್ಟಲ ಇಡಾಕ ನಾನೇನು ಬ್ಯಾರೆಯಾಕೇನೋ ಕೊಟ್ರಾ?" ಎಂದರು.

ನಮ್ಮವರು ಮೀಸೆ ತಿರುವಿ, "ನಂದೇನೈತಿ ಯಕ್ಕಾ, ನಮ್ಮನಿಯಾಕಿ ಬೈತಾಳ" ಎಂದರು.

ಗೌರಕ್ಕ ನನ್ನನ್ನು ನೋಡಿದರು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರಿತ್ತು. ಮಂಡಕ್ಕಿ ಮುಟ್ಟದೆ ಸಂಜೆಯ ಬಸ್ಸಿಗೆ ಹೋದರು. ಆಮೇಲೆ ನಾಲ್ಕು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ನಾನು ಮನೆಯಲ್ಲಿ ಯುದ್ಧ ಸಾರಿದೆ. "ಅಕ್ಕನ ಮುಂದ ಖರೇ ಹೇಳ್ರಿ, ಇಲ್ಲಾಂದ್ರ ನಾನು ಕಾನಹೊಸಹಳ್ಳಿಗೆ ಹೊಂಟೆ" ಎಂದೆ.

"ಗಂಡಸಾಗಿ ಹುಳಕ್ಕ ಹೆದರ್ತೀನಿ ಅಂತ ಹೆಂಗ ಹೇಳ್ಲೆ? ಹಮಾಲ್ರು ನಗಂಗಿಲ್ಲೇನು?"

"ನನ್ನ ನೋಡಿ ಊರೇ ನಗತೈತಲ್ರಿ!"

"ನೀನು ಹೆಣಮಗಳು, ನಡೀತೈತಿ" ಎಂದರು. ಆ ಮಾತಿಗೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಎಸೆಯದೆ ಇದ್ದದ್ದು ನನ್ನ ದೊಡ್ಡತನ.

ಕೊನೆಗೆ ಅವರನ್ನು ಎಳೆದುಕೊಂಡೇ ಹಡಗಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಬಿಯನ್ನು ಕರವಸ್ತ್ರದಲ್ಲಿ ಹಿಡಿದು ನಿಂತಿದ್ದರು. ಬರಿಗೈಲಿ ಹೋಗಬಾರದೆಂದು ಒಂದು ಗಂಟು ಖಡಕ್ ಜೋಳದ ರೊಟ್ಟಿ ಒಯ್ದಿದ್ದೆವು. ಗೌರಕ್ಕ ನೀರು ಕೊಟ್ಟರು, ಮಾತು ಕೊಡಲಿಲ್ಲ. ನಾನು ಕೂತವಳೇ, "ಯಕ್ಕಾ, ನನಗ ಯಾವ ಮಡಿನೂ ಇಲ್ಲ. ಹುಳಕ್ಕ ಹೆದರಾವ್ರು ನಿಮ್ಮ ತಮ್ಮ. ಹೂವಿಗೆ ಔಷಧ ಹೊಡದಾವ್ರೂ ಇವರೇ" ಎಂದು ಒಂದೇ ಉಸಿರಿಗೆ ಹೇಳಿದೆ. ಪಕ್ಕದಲ್ಲಿದ್ದ ಗೌರಕ್ಕನ ಯಜಮಾನರು ಹೊಟ್ಟೆ ಹಿಡಿದು ನಕ್ಕರು. "ಈ ಮೀಸಿ ಹೊತ್ತಾಂವಗ ಹುಳದ ಅಂಜಿಕಿ? ಪಾಪ, ಎಲ್ಲಾ ಅವನ ತಲಿಗೇ ಕಟ್ಟತಿಯಲ್ಲವಾ!" ಎಂದರು. ನಾನು ಉರಿದುಬಿದ್ದೆ. ಸತ್ಯ ಹೇಳಲು ಹಡಗಲಿತನಕ ಟಿಕೆಟ್ ತೆಗೆಸಿಕೊಂಡು ಬಂದಿದ್ದೆನಲ್ಲ!

ಗೌರಕ್ಕ ಮಾತ್ರ ನಗಲಿಲ್ಲ. ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು, ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿದರು.

"ಈ ರೊಟ್ಟಿ ಯಾರು ಬಡದ್ರು?"

ನಾನು ಗಂಟಿನ ಬಟ್ಟೆ ಮಡಚತೊಡಗಿದೆ. ಓದುಗರಿಗಾದರೂ ಈಗ ಹೇಳಲೇಬೇಕು. ಜೋಳದ ಸೀಮೆಯಲ್ಲಿ ಹುಟ್ಟಿದ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಬಡಿದರೆ ಅದು ಜಿಲ್ಲೆಯ ನಕ್ಷೆಯಾಗುತ್ತದೆ. ಮದುವೆಯ ರೊಟ್ಟಿಗೆ ನಮ್ಮವರು ನನ್ನನ್ನು ಎಂದೂ ಬೇಡವೆಂದವರಲ್ಲ. ಕಳಿಸುವುದಿಲ್ಲ ಎಂಬುದು ನಾನೇ ಹಬ್ಬಿಸಿದ ಮಾತು. ಅದರಿಂದಾಗಿ ಓಣಿಯ ಹೆಂಗಸರು ಅವರನ್ನು ಹೆಂಡತಿಯನ್ನು ಹೊಸ್ತಿಲು ದಾಟಿಸದ ರಾಕ್ಷಸ ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ. ಒಂದು ದಿನವೂ ಅಲ್ಲವೆಂದು ಹೇಳಿಲ್ಲ. ಅಂಗಡಿಯ ರೊಟ್ಟಿ ಕಂಡರಾಗದ ಆ ಮನುಷ್ಯ ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ತಾನೇ ಬಡಿಯುತ್ತಾನೆ.

ಈಗ ಅವರಿಗೆ ಒಳ್ಳೆಯ ಅವಕಾಶವಿತ್ತು. ಒಂದು ಮಾತು ಹೇಳಿದರೆ ನನ್ನ ಮಾನ ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಹರಾಜಾಗುತ್ತಿತ್ತು. ಅವರು ಮೀಸೆ ತಿರುವಿದರು. "ಅಕಿನೇ ಬಡದಾಳ. ಮತ್ಯಾರು ಬಡೀತಾರ?" ಎಂದರು.

"ಹೌದಾ?" ಗೌರಕ್ಕನ ತುಟಿಯ ಕೊನೆಯಲ್ಲಿ ನಗೆ ಮೂಡಿತು. "ಸಣ್ಣಾಂವ ಇದ್ದಾಗ ಕೊಟ್ರಗ ರೊಟ್ಟಿ ಕಲಿಸಿದಾಕಿ ನಾನು. ಅವನ ರೊಟ್ಟಿ ಅಂಚೂ ಹಿಂಗ ಇರತಿತ್ತು" ಎಂದು ನನ್ನ ಕೈ ಹಿಡಿದು ಒಮ್ಮೆ ಒತ್ತಿದರು. ಒಳಗೆ ಹೋಗಿ ಮಂಡಕ್ಕಿ ತಂದು ಪೇಪರಿನ ಮೇಲೆ ರಾಶಿ ಸುರಿದರು. ಅವರ ಯಜಮಾನರು ಆಗಲೇ ಕೈ ಹಾಕಿ, ಬೆರಳು ನೆಕ್ಕಿ, ಮತ್ತೆ ಕೈ ಹಾಕಿದರು. ನಮ್ಮವರ ಮುಖ ಬಿಳಿಚಿತು. ಆದರೂ ಅಕ್ಕನ ಮನಸ್ಸು ನೋಯಬಾರದೆಂದು ಕಣ್ಣು ಮುಚ್ಚಿ ರಾಶಿಯತ್ತ ಕೈ ಚಾಚಿದರು.

ನನಗೇನಾಯಿತೋ ಗೊತ್ತಿಲ್ಲ. ನಮ್ಮವರ ಬ್ಯಾಗಿನಿಂದ ಸ್ಯಾನಿಟೈಜರ್ ಬಾಟಲಿ ತೆಗೆದು ಟಪ್ಪೆಂದು ಮುಂದಿಟ್ಟು, "ಯಕ್ಕಾ, ನಮ್ಮಿಬ್ಬರಿಗೂ ಬ್ಯಾರೆ ಬಟ್ಟಲದಾಗ ಹಾಕಿ ಕೊಡ್ರಿ. ನನಗ ಹಿಂಗ ಎಲ್ಲಾರೂ ಕೈ ಹಾಕಿದ್ದು ಆಗಂಗಿಲ್ಲ!" ಎಂದೆ.

ಗೌರಕ್ಕ ನಗುತ್ತಲೇ ಎರಡು ಬಟ್ಟಲು ತಂದರು. ಹೊರಡುವಾಗ ನನ್ನ ಮುಡಿಗೆ ಎರಡು ಮೊಳ ಮಲ್ಲಿಗೆ ಮುಡಿಸಿದರು. ಈಗ ಹಡಗಲಿಯಲ್ಲೂ ನನಗೆ ಮಡಿ ವನಜಕ್ಕ ಎಂದೇ ಹೆಸರು. ಇರಲಿ ಬಿಡಿ. ರೊಟ್ಟಿ ಬಾರದ ವನಜಕ್ಕ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ.