ಯಾರೂ ನಗದ ಜಾಗ

ನಕ್ಕರೆ ವಿನೋದ, ನಗದಿದ್ದರೆ ಶಿಕ್ಷಣ. ಕಡಲಿಗೆ ಬೆನ್ನು ಹಾಕಿ ಕಟ್ಟಿದ ಆ ಶಾಲೆಯಲ್ಲಿ ಈ ನಿಯಮ ಜಾರಿಗೆ ಬಂದದ್ದು ಇಲಾಖೆಯ ಸುತ್ತೋಲೆಯೊಂದರ ದೆಸೆಯಿಂದ. "ಶಾಲಾ ಪ್ರವಾಸವು ಶೈಕ್ಷಣಿಕವಾಗಿರತಕ್ಕದ್ದು, ವಿನೋದ ವಿಹಾರವಾಗಿರತಕ್ಕದ್ದಲ್ಲ" ಎಂದಷ್ಟೇ ಅದು ಹೇಳಿತ್ತು. ಎರಡನ್ನೂ ಬೇರೆ ಮಾಡುವುದು ಹೇಗೆಂದು ಹೇಳಿರಲಿಲ್ಲ. ಸುತ್ತಮುತ್ತಲ ಶಾಲೆಗಳ ಹೆಡ್‌ಮಾಸ್ಟರುಗಳು ಓದಿ, ಸಹಿ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಬೀಚಿಗೆ ಹೋಗಿಬಿಟ್ಟರು. ಈ ಶಾಲೆಯ ಹೆಡ್‌ಮಾಸ್ಟರು ಆ ಪೈಕಿ ಅಲ್ಲ. ವ್ಯಾಖ್ಯೆಯಿಲ್ಲದ ಪದವನ್ನು ಅವರು ಕಾಂಪೌಂಡಿನೊಳಗೆ ಬಿಟ್ಟುಕೊಂಡವರೇ ಅಲ್ಲ. ಹಗಲೂ ರಾತ್ರಿ ತಲೆ ಕೆಡಿಸಿಕೊಂಡು, ನಗುವೇ ಅಳತೆಗೋಲು ಎಂದು ನಿರ್ಧರಿಸಿ, ಒಪ್ಪಿಗೆ ಕೋರಿ ಇಲಾಖೆಗೆ ಬರೆದರು. ಉತ್ತರ ಬರಲಿಲ್ಲ. ಇಲಾಖೆ ಇಷ್ಟು ಬೇಗ ಒಪ್ಪಿದ್ದು ಅವರಿಗೆ ಸಂತೋಷವಾಯಿತು.

ಸ್ಥಳ ಆಯ್ಕೆಗೆ ಸಮಿತಿ ರಚನೆಯಾಯಿತು. ಹೆಡ್‌ಮಾಸ್ಟರು ಅಧ್ಯಕ್ಷರು. ಪಿಟಿ ಮೇಷ್ಟ್ರು ಸದಸ್ಯರು, ಏಕೆಂದರೆ ಬಸ್ಸು ಅವರ ಭಾವಮೈದನದು. ಡ್ರಾಯಿಂಗ್ ಟೀಚರ್ ಇನ್ನೊಬ್ಬ ಸದಸ್ಯೆ, ಏಕೆಂದರೆ ಆಕೆಗೆ ನಗು ಬಹಳ ಬೇಗ ಬರುತ್ತಿತ್ತು. ಗ್ಯಾಸ್ ಸೋರಿದರೆ ಕೂಗಿಕೊಳ್ಳುವ ಯಂತ್ರದ ಹಾಗೆ ಆಕೆಯನ್ನು ಒಂದೊಂದು ಜಾಗಕ್ಕೂ ಕರೆದೊಯ್ದು ನಿಲ್ಲಿಸುವುದು, ಆಕೆ ನಗದಿದ್ದರೆ ಆ ಜಾಗ ಪಾಸು.

ಹೆಡ್‌ಮಾಸ್ಟರ ಮೊಮ್ಮಗಳು ಅದೇ ಶಾಲೆಯ ಏಳನೇ ಕ್ಲಾಸು. ಅದೇ ಕೊನೆಯ ಕ್ಲಾಸು. ಮುಂದಿನ ವರ್ಷ ಬೇರೆ ಶಾಲೆ.

"ತಾತ, ಈ ಸಲ ಲೈಟ್‌ಹೌಸ್ ಹತ್ತಿಸ್ತೀಯಾ?" ಎಂದಳು ಊಟಕ್ಕೆ ಕೂತಾಗ.

"ಪರಿಶೀಲಿಸೋಣ."

"ಅಂದ್ರೆ ಇಲ್ಲ ಅಂತ."

"ಪರಿಶೀಲಿಸೋಣ ಅಂದ್ರೆ ಪರಿಶೀಲಿಸೋಣ ಅಂತ."

"ಮದುವೆ ಆದಾಗಿಂದ ನಾನೂ ಅದನ್ನೇ ಕೇಳ್ಕೊಂಡು ಬರ್ತಿದೀನಿ ಕಣೇ," ಎಂದರು ಅಜ್ಜಿ, ಪಲ್ಯ ಬಡಿಸುತ್ತ. "ಪರಿಶೀಲನೆ ಇನ್ನೂ ನಡೀತಾನೇ ಇದೆ."

ಪರಿಶೀಲನೆ ಮೀನಿನ ಮಾರ್ಕೆಟ್ಟಿನಿಂದ ಶುರುವಾಯಿತು. ಜೀವಶಾಸ್ತ್ರದ ದೃಷ್ಟಿಯಿಂದ ಒಳ್ಳೆಯ ಜಾಗ. ಡ್ರಾಯಿಂಗ್ ಟೀಚರ್ ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದರಿಂದ ಸಮಿತಿಗೆ ಭರವಸೆಯೂ ಮೂಡಿತ್ತು. ಆದರೆ ಮೀನು ಮಾರುವಾಕೆ ಹೆಡ್‌ಮಾಸ್ಟರನ್ನು ಮೇಲಿಂದ ಕೆಳಗೆ ನೋಡಿ, "ನನ್ ಮೀನು ಐಸಲ್ಲಿಟ್ಟಿದ್ದಕ್ಕೆ ಹೀಗೆ ಸೆಟೆದಿದೆ ಸಾರ್. ನಿಮ್ಮನ್ನ ಯಾರು ಐಸಲ್ಲಿಟ್ರು?" ಎಂದಳು. ಡ್ರಾಯಿಂಗ್ ಟೀಚರ್ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಮಾರ್ಕೆಟ್ ತಿರಸ್ಕೃತವಾಯಿತು.

ಬಂದರಿನ ಕಚೇರಿಯಲ್ಲಿ ಬಹಳ ಹೊತ್ತು ಯಾರೂ ನಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಗುಮಾಸ್ತರು ತೂಕಡಿಸುತ್ತಿದ್ದರು. ಹೆಡ್‌ಮಾಸ್ಟರು ಮೆಚ್ಚಿ ತಲೆಯಾಡಿಸುವ ಹೊತ್ತಿಗೆ ಒಬ್ಬ ಗುಮಾಸ್ತ ಎಚ್ಚೆತ್ತು, "ಏನು ಕೆಲಸಕ್ಕೆ ಬಂದ್ರಿ?" ಎಂದ. ಸುಳ್ಳು ಹೇಳುವುದು ಹೆಡ್‌ಮಾಸ್ಟರ ಜಾಯಮಾನವಲ್ಲ. "ಇಲ್ಲಿ ಯಾರಾದರೂ ನಗುತ್ತಾರೋ ಎಂದು ನೋಡಲು," ಎಂದರು. ಇಡೀ ಕಚೇರಿ ನಕ್ಕಿತು. ಅದೂ ಹೋಯಿತು.

ಲೈಟ್‌ಹೌಸ್ ಉಳಿಯಿತು. ಮೊಮ್ಮಗಳ ಮುಖ ಕಣ್ಣ ಮುಂದೆ ಬಂದರೂ ಹೆಡ್‌ಮಾಸ್ಟರು ಪಕ್ಷಪಾತಕ್ಕೆ ಆಸ್ಪದ ಕೊಡಲಿಲ್ಲ. ಏದುಸಿರು ಬಿಡುತ್ತ ಮೂವರೂ ತುದಿ ಮುಟ್ಟಿದರು. ಅಲ್ಲಿ ಗಾಳಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಜಾಗ ಪಾಸಾಯಿತೆಂದು ಅವರು ಒಳಗೊಳಗೇ ನಿಟ್ಟುಸಿರು ಬಿಡುವಷ್ಟರಲ್ಲಿ ಡ್ರಾಯಿಂಗ್ ಟೀಚರ್ ಕಿಸಕ್ಕನೆ ನಕ್ಕರು.

"ಯಾಕೆ ನಕ್ಕಿರಿ?"

"ಸುಮ್ನೆ ಸಾರ್. ಸಮುದ್ರ ನೋಡಿ."

"ಸಮುದ್ರದಲ್ಲಿ ನಗುವಂಥದ್ದು ಏನಿದೆ?"

"ಎಷ್ಟೊಂದಿದೆ ಸಾರ್."

"ಏನು?"

"ನೀರು."

ಹೆಡ್‌ಮಾಸ್ಟರು ಕಡಲ ಕಡೆ ತಿರುಗಿದರು. ತುಟಿಯ ಅಂಚಿನಲ್ಲಿ ಏನೋ ಸೆಳೆದಂತಾಯಿತು. ಉಪ್ಪು ಗಾಳಿಗೆ ಚರ್ಮ ಬಿಗಿದಿರಬೇಕೆಂದು ಕರ್ಚೀಫಿನಿಂದ ಒರೆಸಿಕೊಂಡು, "ಅಕಾರಣ ನಗು, ತಡೆಯಲು ಉಪಾಯವಿಲ್ಲ, ತಿರಸ್ಕೃತ" ಎಂದು ಪಿಟಿ ಮೇಷ್ಟ್ರ ಕೈಲಿ ಬರೆಸಿದರು.

ಶಾಲೆಯಲ್ಲಿ ತಾತನೆಂಬುವವರಿಲ್ಲ, ಸಾರ್ ಮಾತ್ರ ಎಂಬುದು ಮೊಮ್ಮಗಳಿಗೆ ಒಂದನೇ ಕ್ಲಾಸಿನಲ್ಲೇ ಅವರು ವಿಧಿಸಿದ್ದ ನಿಯಮ. ಅಂದು ಸಂಜೆ ಲೈಟ್‌ಹೌಸಿನ ಸುದ್ದಿ ಕೇಳಿ ಅವಳು ಆ ನಿಯಮವನ್ನು ಮನೆಗೂ ವಿಸ್ತರಿಸಿದಳು.

"ಸಾರ್, ಊಟಕ್ಕೆ ಬನ್ನಿ."

ಹೆಡ್‌ಮಾಸ್ಟರು ಮಾತಿನಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ. ಸಂಬೋಧನೆ ಸರಿಯಾಗಿತ್ತು, ಬಹುವಚನವೂ ಸರಿಯಾಗಿತ್ತು.

"ಇನ್ನೆಷ್ಟು ದಿನ ಹೀಗೆ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದರು.

"ಪರಿಶೀಲಿಸ್ತಾಳಂತೆ," ಎಂದರು ಅಜ್ಜಿ.

ಮರುದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ಸಮಿತಿಯ ತುರ್ತು ಸಭೆ. ಜಾಗಗಳೆಲ್ಲ ಮುಗಿದಿದ್ದವು. ಪಿಟಿ ಮೇಷ್ಟ್ರ ಭಾವಮೈದ ಡೀಸೆಲ್ ಹಾಕಿಸಿಕೊಂಡು ಗೇಟಿನ ಬಳಿ ಕಾಯುತ್ತಿದ್ದ. ಮೂವರೂ ಗೋಡೆ ನೋಡುತ್ತ ಕೂತಿದ್ದಾಗ ಪಿಟಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಸಾರ್, ಆಗ್ಲಿಂದ ಇಲ್ಲೇ ಕೂತಿದೀವಿ. ಯಾರೂ ನಕ್ಕಿಲ್ಲ."

ಹೆಡ್‌ಮಾಸ್ಟರು ಬೆಚ್ಚಿ ಕೋಣೆಯನ್ನು ಹೊಸದಾಗಿ ನೋಡಿದರು. ಮೇಜು, ಗಂಟೆ, ಗ್ಲೋಬು, ಒಂದು ಗೋಡೆಯನ್ನು ಪೂರ್ತಿ ಮುಚ್ಚಿದ್ದ ಕಬ್ಬಿಣದ ಬೀರು. ಡ್ರಾಯಿಂಗ್ ಟೀಚರತ್ತ ತಿರುಗಿದರು.

"ನೀವು ಈ ಕೋಣೆಯಲ್ಲಿ ಎಂದಾದರೂ ನಕ್ಕದ್ದುಂಟೇ?"

"ಇಲ್ಲ ಸಾರ್. ಹೊರಗೆ ಹೋದ್ಮೇಲೆ."

"ಹೊರಗಿನದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

ಹೆಡ್‌ಮಾಸ್ಟರಿಗೆ ಎದೆ ತುಂಬಿ ಬಂತು. ಇಡೀ ಕರಾವಳಿಯಲ್ಲಿ ಶುದ್ಧ ಶೈಕ್ಷಣಿಕ ತಾಣ ಒಂದೇ ಒಂದು. ಅದನ್ನು ತಾವು ಇಷ್ಟು ವರ್ಷ ದುಡಿದು, ಮುಖ ಗಂಟು ಹಾಕಿಕೊಂಡು ಕಟ್ಟಿದ್ದು. ಪ್ರಕಟಣೆ ಹೊರಟಿತು: "ಏಳನೇ ತರಗತಿಯ ಪ್ರವಾಸವು ಮುಖ್ಯೋಪಾಧ್ಯಾಯರ ಕೊಠಡಿಗೆ ಏರ್ಪಾಡಾಗಿದೆ. ಪ್ರದರ್ಶಿತ ವಸ್ತುಗಳನ್ನೂ ಮುಖ್ಯೋಪಾಧ್ಯಾಯರನ್ನೂ ಮುಟ್ಟಕೂಡದು. ವಿದ್ಯಾರ್ಥಿಗಳ ಯಾವ ಪ್ರಶ್ನೆಗೂ ಉತ್ತರ ನಿರಾಕರಿಸತಕ್ಕದ್ದಲ್ಲ."

"ಬಸ್ಸಿಲ್ದೆ ಪ್ರವಾಸ ಹೇಗಾಗುತ್ತೆ ಸಾರ್?" ಎಂದು ಪಿಟಿ ಮೇಷ್ಟ್ರು ಕೇಳಿದ್ದು ನ್ಯಾಯವಾಗಿತ್ತು. ಆದ್ದರಿಂದ ಮಕ್ಕಳು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಬಸ್ಸು ಹತ್ತಿ, ಹೆದ್ದಾರಿಯ ಟೋಲಿನವರೆಗೆ ಹೋಗಿ, ಅದೇ ಗೇಟಿನಲ್ಲಿ ಇಳಿದರು. ಇಬ್ಬರಿಗೆ ವಾಂತಿಯಾಯಿತು. ಅಷ್ಟರಮಟ್ಟಿಗೆ ನಿಜವಾದ ಪ್ರವಾಸವೇ.

ಹೆಡ್‌ಮಾಸ್ಟರು ಇಸ್ತ್ರಿ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ಸಾಲಾಗಿ ಬಂದು ಮೇಜು ನೋಡಿದರು, ಗಂಟೆ ನೋಡಿದರು, ಅವರನ್ನೂ ನೋಡಿದರು. ಯಾರೂ ನಗಲಿಲ್ಲ. ಎಲ್ಲವೂ ನಿಯಮದಂತೆ ನಡೆಯಿತು. ಕೊನೆಗೆ ಮೊಮ್ಮಗಳು ಕೈ ಎತ್ತಿದಳು.

"ಸಾರ್, ಆ ಬೀರು ಹಿಂದೆ ಏನಿದೆ?"

"ಕಿಟಕಿ."

"ಕಿಟಕಿಯಾಚೆ?"

ಹೆಡ್‌ಮಾಸ್ಟರು ಅಧಿಕಾರ ವಹಿಸಿಕೊಂಡಂದೇ ಬೀರುವನ್ನು ಅಲ್ಲಿ ಇಡಿಸಿದ್ದರು. ಕಂಡಿಲ್ಲದ್ದನ್ನು ಕಂಡಂತೆ ಹೇಳುವಂತಿಲ್ಲ, ಉತ್ತರ ನಿರಾಕರಿಸುವಂತೆಯೂ ಇಲ್ಲ.

"ಪಿಟಿ ಮೇಷ್ಟ್ರೇ," ಎಂದರು ಬೆವರೊರೆಸಿಕೊಳ್ಳುತ್ತ, "ಬೀರು ಸರಿಸಿ."

ಬೀರು ಕಿರುಗುಟ್ಟಿಕೊಂಡು ಸರಿಯಿತು. ತುಕ್ಕು ಹಿಡಿದ ಚಿಲಕ ಕಿತ್ತು ಬಂತು. ಕಿಟಕಿ ತೆರೆದದ್ದೇ ತಡ ಬೆಳಕೂ ಗಾಳಿಯೂ ಒಟ್ಟಿಗೆ ನುಗ್ಗಿ ಮೇಜಿನ ಕಾಗದಗಳೆಲ್ಲ ಹಾರಿದವು. ಎದುರಿಗೆ, ಕೈ ಚಾಚಿದರೆ ಸಿಗುವಂತೆ, ಲೈಟ್‌ಹೌಸ್. ಅದರಾಚೆ ಕಡಲು.

"ತಾತಾ! ನೋಡೋ, ನೋಡೋ!"

ಮೊಮ್ಮಗಳು ಕೋಟು ಹಿಡಿದು ಜಗ್ಗುತ್ತಿದ್ದಳು. ಮುಟ್ಟಬಾರದ ವಸ್ತುವನ್ನು ಮುಟ್ಟಿದ್ದೂ ಅಲ್ಲದೆ, ಶಾಲೆಯಲ್ಲಿ ತಾತನೆಂದದ್ದು, ಅದೂ ಏಕವಚನದಲ್ಲಿ. ಹೆಡ್‌ಮಾಸ್ಟರು ಗದರಿಸಲು ಬಾಯಿ ತೆರೆದರು. ಬಂದದ್ದು ಬೇರೆ. ಮೊದಲು ಅದು ಕೆಮ್ಮೆಂದೇ ಎಲ್ಲರೂ ತಿಳಿದರು. ಡ್ರಾಯಿಂಗ್ ಟೀಚರ್ ನೀರು ತಂದುಕೊಟ್ಟರು. ಅದು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಲಿಲ್ಲ.

ಪಿಟಿ ಮೇಷ್ಟ್ರು ಪೆನ್ನು ತೆಗೆದರು. "ಕ್ಷಮಿಸಿ ಸಾರ್, ಕಾರಣ ಬರೀಬೇಕು. ಯಾಕೆ ನಕ್ಕಿರಿ?"

ಹೆಡ್‌ಮಾಸ್ಟರು ಕಿಟಕಿಯತ್ತ ಬೆರಳು ತೋರಿಸಿದರು.

"ನೀರು," ಎಂದರು.

ಕೋಣೆ ತಿರಸ್ಕೃತವಾಯಿತು. ವಿನೋದದ ಸ್ಥಳದಲ್ಲಿ ಕಚೇರಿ ನಡೆಸುವಂತಿಲ್ಲವಾದ್ದರಿಂದ ಹೆಡ್‌ಮಾಸ್ಟರ ಮೇಜನ್ನು ಉಗ್ರಾಣಕ್ಕೆ ಸಾಗಿಸಲಾಯಿತು. ಈಗ ಅವರು ಮುರಿದ ಬೆಂಚುಗಳ ನಡುವೆ ಕೂತು ಸಹಿ ಹಾಕುತ್ತಾರೆ. ಅದು ಇನ್ನೂ ಹೆಚ್ಚು ಶೈಕ್ಷಣಿಕವಾಗಿದೆ ಎಂದು ಇಲಾಖೆ ಪ್ರಶಂಸಾಪತ್ರ ಕಳಿಸಿದೆ. ಬೇರೆ ಶಾಲೆಗಳು ಮುಂದಿನ ವರ್ಷದ ಪ್ರವಾಸಕ್ಕೆ ಉಗ್ರಾಣವನ್ನು ಈಗಲೇ ಕಾದಿರಿಸಿವೆ. ಭಾವಮೈದ ಎರಡನೇ ಬಸ್ಸು ಕೊಂಡಿದ್ದಾನೆ.

ಪ್ರವಾಸ ನಡೆದ ದಿನ ಸಂಜೆ ಮೊಮ್ಮಗಳು ಬಾಗಿಲಲ್ಲಿ ನಿಂತು, ಅಜ್ಜಿಯ ಕಡೆ ಕಣ್ಣು ಮಿಟುಕಿಸಿ, "ಸಾರ್, ಊಟಕ್ಕೆ ಬನ್ನಿ" ಎಂದಳು. ಹೆಡ್‌ಮಾಸ್ಟರು ನಗು ತಡೆದುಕೊಳ್ಳಲು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ನಿಯಮ ಎಲ್ಲರಿಗೂ ಒಂದೇ. ಅಂದಿನಿಂದ ಅವರ ಮನೆಯೂ ಶೈಕ್ಷಣಿಕ ಸ್ಥಳವಾಗಿ ಉಳಿದಿಲ್ಲ.